ತೊಲೊಮುಶ್ ಓಕೇಯೆವ್: ಹುಲ್ಲುಗಾವಲಿನ ಬಾಳು ಮತ್ತು ಕಿರ್ಗಿಜ್ ಚಲಚ್ಚಿತ್ರ

೧

ಶಾಸನ, ನಾಣ್ಯ, ಸರಕಾರಿ ಕಡತ, ಪ್ರವಾಸಿಗಳ ಬರಹ ಮೊದಲಾದವುಗಳನ್ನು ಆಧಾರವಾಗಿಟ್ಟುಕೊಂಡು ಚರಿತ್ರೆಯನ್ನು ಬರೆಯುವುದು ವಿದ್ವಾಂಸರಲ್ಲಿ ರೂಢವಾದ ಕ್ರಮ. ಆದರೆ ಊರುಕೋಟೆಗಳನ್ನು ಕಟ್ಟದೆ, ತನ್ನ ಹಿಂಡುಗಳನ್ನು ಹಿಂಬಾಲಿಸಿ ಬೆಟ್ಟದಿಂದ ಬೆಟ್ಟಕ್ಕೆ ಸಾಗುತ್ತ, ತನ್ನ ನೆನಪನ್ನೆಲ್ಲ ಬಾಯಿಮಾತಿನಲ್ಲಿಯೇ ಕಾಪಾಡಿಕೊಂಡು ಬಂದ ಜನಾಂಗವೊಂದರ ಚರಿತ್ರೆಯನ್ನು ಬರೆಯಹೊರಟವನಿಗೆ ಇಂತಹ ಆಧಾರಗಳು ಬಹು ವಿರಳ. ದೊರೆಯುವವೂ ಬಹುಮಟ್ಟಿಗೆ ಆ ಜನಾಂಗವನ್ನು ಆಳಿದವರು ತಮ್ಮ ಪ್ರಯೋಜನಕ್ಕಾಗಿ ಬರೆದಿಟ್ಟವು. ಮಧ್ಯ ಏಷ್ಯದ ಕಿರ್ಗಿಜರು ಇಂತಹ ಜನ. ಇವರ ಬಾಳಿನಲ್ಲಿ ಇಪ್ಪತ್ತನೆಯ ಶತಮಾನವು ತಂದ ಅತಿ ದೊಡ್ಡ ಬದಲಾವಣೆ ಯಾವುದೆಂದರೆ, ಅಲೆಮಾರಿ ಪಶುಪಾಲಕರು ಒಂದೆಡೆ ನೆಲೆಸಿದ ಗ್ರಾಮವಾಸಿಗಳಾದದ್ದು. ಆ ಬದಲಾವಣೆಯ ಲೆಕ್ಕಪತ್ರಗಳು ಕಚೇರಿಗಳಲ್ಲಿವೆ. ಅದು ಮನೆಮನೆಯಲ್ಲಿ ಹೇಗೆ ಅನುಭವಕ್ಕೆ ಬಂದಿತೆಂಬ ದಾಖಲೆಯು ಮಾತ್ರ ಅಲ್ಲಿ ದೊರೆಯುವುದಿಲ್ಲ. ಅದನ್ನು ಬೇರೆಡೆ ಅರಸಬೇಕಾಗಿದೆ. ಹಾಗೆ ಅರಸುವವರಿಗೆ ದೊರೆಯುವ ಮುಖ್ಯ ಆಧಾರಗಳಲ್ಲಿ ಒಂದು, ೧೯೬೦ರ ದಶಕದಿಂದೀಚೆಗೆ ಕಿರ್ಗಿಜರೇ ನಿರ್ಮಿಸಿದ ಚಲಚ್ಚಿತ್ರಗಳು.

ಆ ಚಲಚ್ಚಿತ್ರಕಾರರಲ್ಲಿ ಅಗ್ರಗಣ್ಯನಾದ ತೊಲೊಮುಶ್ ಓಕೇಯೆವನ (೧೯೩೫–೨೦೦೧) ಜೀವನವನ್ನೂ ಕೃತಿಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಹುಲ್ಲುಗಾವಲಿನ ಬಾಳು ಮುಗಿದ ಬಗೆಯನ್ನು ಕುರಿತು ಈ ಚಿತ್ರಗಳು ನಮಗೆ ತಿಳಿಸುವುದೇನು ಎಂಬುದು ಮೊದಲನೆಯದು. ಆ ಬಾಳನ್ನು ಮುಗಿಸಿದ ಪ್ರಭುತ್ವವೇ ಚಿತ್ರಾಲಯದ ಒಡೆತನವನ್ನೂ ಹೊಂದಿದ್ದಿತು. ಅದರ ನೌಕರನಾದವನು ಆ ನಷ್ಟವನ್ನು ಕುರಿತು ಮಾತನಾಡುವುದು ಹೇಗೆ ಸಾಧ್ಯವಾಯಿತು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಬರುತ್ತವೆ. ಕಿರ್ಗಿಜ್ ಚಲಚ್ಚಿತ್ರವು ಸೋವಿಯತ್ ಆಡಳಿತದ ಕೊಡುಗೆ ಎಂಬುದು ಒಂದು. ಅದು ಆ ಆಡಳಿತಕ್ಕೆ ಒಳಗೊಳಗೇ ಎದುರಾಗಿ ನಿಂತ ಕಲೆ ಎಂಬುದು ಮತ್ತೊಂದು. ಇವೆರಡೂ ಅರೆಸತ್ಯಗಳೆಂದು ಓಕೇಯೆವನ ಜೀವನದಿಂದ ವಿದಿತವಾಗುತ್ತದೆ.

೨

ಕಿರ್ಗಿಜ್ ದೇಶವು ತಿಯೆನ್ ಷಾನ್ ಪರ್ವತಶ್ರೇಣಿಗಳ ನಡುವೆ ಇದೆ. ಅದರ ಈಶಾನ್ಯ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು ೧೬೦೦ ಮೀಟರುಗಳ ಎತ್ತರದಲ್ಲಿ, ಇಸಿಕ್ ಕುಲ್ ಎಂಬ ವಿಶಾಲವಾದ ಸರೋವರವುಂಟು. ಆ ಹೆಸರಿಗೆ ‘ಬೆಚ್ಚನೆಯ ಸರೋವರ’ ಎಂದು ಅರ್ಥ. ಸುತ್ತಲೂ ಹಿಮ ಬಿದ್ದರೂ ಅದರ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಈ ಸರೋವರದ ದಕ್ಷಿಣ ತೀರದ ಬೊಕೊನ್‌ಬಾಯೆವೊ ಎಂಬ ಗ್ರಾಮದಲ್ಲಿ ೧೯೩೫ನೆಯ ಸೆಪ್ಟೆಂಬರ್ ೧೧ರಂದು ಓಕೇಯೆವನು ಜನಿಸಿದನು.

ಈ ನಾಡಿನ ಹಳೆಯ ಜೀವನಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಚಳಿಗಾಲದಲ್ಲಿ ಜನರು ತಗ್ಗಿನ ಕಣಿವೆಗಳಲ್ಲಿ ತಂಗುತ್ತಿದ್ದರು. ವಸಂತದಲ್ಲಿ ಹಿಮ ಕರಗತೊಡಗಿದಾಗ ಕಂಬಳಿಯ ಗುಡಾರಗಳನ್ನು ಬಿಚ್ಚಿ, ಪ್ರಾಣಿಗಳ ಮೇಲೆ ಹೇರಿ, ಮೇಲುಮೇಲಿನ ಹುಲ್ಲುಗಾವಲುಗಳಿಗೆ ಏರುತ್ತಿದ್ದರು. ಬೇಸಗೆಯ ಈ ಎತ್ತರದ ಹುಲ್ಲುಗಾವಲಿಗೆ ಅವರ ಭಾಷೆಯಲ್ಲಿ ‘ಜೈಲೂ’ ಎಂದು ಹೆಸರು. ಕುರಿಯಿಂದ ಉಣ್ಣೆಯೂ ಮಾಂಸವೂ ಒದಗುತ್ತಿದ್ದವು. ಕುದುರೆಯೋ ವಾಹನವೂ ಆಹಾರವೂ ಮನೆತನದ ಗೌರವವೂ ಆಗಿದ್ದಿತು. ಹೆಣ್ಣುಕುದುರೆಯ ಹಾಲನ್ನು ಹುಳಿಯಿಸಿ ಮಾಡಿದ ‘ಕುಮಿಸ್’ ಅವರ ಮುಖ್ಯ ಪಾನೀಯ. ಲಿಖಿತ ಗ್ರಂಥಗಳ ಸ್ಥಾನದಲ್ಲಿ ಹಾಡುಗಾರರ ಕಂಠವಿದ್ದಿತು. ‘ಮನಸ್’ ಎಂಬ ವೀರಕಾವ್ಯವನ್ನು ‘ಮನಸ್ಚಿ’ಗಳೆಂಬ ಗಾಯಕರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ಇವರಲ್ಲಿ ಸುಪ್ರಸಿದ್ಧನಾದ ಸಯಾಕ್‌ಬಾಯ್ ಕರಲಾಯೆವನಿಂದ (೧೮೯೪–೧೯೭೧) ಬರೆದುಕೊಂಡ ಪಾಠವೊಂದೇ ಐದು ಲಕ್ಷ ಸಾಲುಗಳನ್ನು ಮೀರುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಾಡು ರಷ್ಯನ್ ಸಾಮ್ರಾಜ್ಯಕ್ಕೆ ಸೇರಿತು. ಹೊರಗಿನಿಂದ ಬಂದ ಒಕ್ಕಲುಗಳು ಒಳ್ಳೆಯ ಕಣಿವೆಗಳಲ್ಲಿ ನೆಲಸಿದ್ದರಿಂದ ಹಿಂಡುಗಳ ದಾರಿ ಇಕ್ಕಟ್ಟಾಯಿತು. ೧೯೧೬ರಲ್ಲಿ, ಯುದ್ಧದ ಹಿಂಬದಿಯ ಕೂಲಿಗೆ ಗಂಡಸರನ್ನು ಒತ್ತಾಯದಿಂದ ಸೇರಿಸಬೇಕೆಂಬ ಅಪ್ಪಣೆ ಹೊರಟಾಗ ಜನ ದಂಗೆಯೆದ್ದರು. ದಂಗೆಯನ್ನು ಕ್ರೂರವಾಗಿ ಅಡಗಿಸಲಾಯಿತು. ಹಿಮದ ಕಣಿವೆಬಾಯಿಗಳನ್ನು ಹಾದು ಚೀನಾಕ್ಕೆ ಓಡಿಹೋಗುವಾಗ ಅಸಂಖ್ಯ ಜನರು ಮಡಿದರು. ಕಿರ್ಗಿಜರು ಇಂದಿಗೂ ಇದನ್ನು ‘ಉರ್ಕುನ್’ ಎಂದು ಕರೆದು ನೆನೆಯುತ್ತಾರೆ. ಕ್ರಾಂತಿಯ ಬಳಿಕ ೧೯೨೪ರಲ್ಲಿ ಸ್ವಾಯತ್ತ ಪ್ರಾಂತ, ೧೯೨೬ರಲ್ಲಿ ಸ್ವಾಯತ್ತ ಗಣರಾಜ್ಯ, ೧೯೩೬ರಲ್ಲಿ ಸೋವಿಯತ್ ಒಕ್ಕೂಟದ ಪೂರ್ಣ ಗಣರಾಜ್ಯ ಎಂಬ ಕ್ರಮದಲ್ಲಿ ಕಿರ್ಗಿಜ್ ರಾಜ್ಯವು ರೂಪುಗೊಂಡಿತು. ಇದೇ ಅವಧಿಯಲ್ಲಿ ಹಿಂಡುಗಳು ಸಾಮೂಹಿಕ ಕ್ಷೇತ್ರಗಳ ಸ್ವತ್ತಾದವು. ಅಲೆಮಾರಿಗಳನ್ನು ಊರುಗಳಲ್ಲಿ ನೆಲೆಗೊಳಿಸಲಾಯಿತು. ಲಿಪಿಯೂ ಸ್ಥಿರವಾಗಿ ಉಳಿಯಲಿಲ್ಲ: ಅರಬ್ಬೀ ಲಿಪಿ ಹೋಗಿ ೧೯೨೦ರ ದಶಕದ ಕೊನೆಗೆ ರೋಮನ್ ಲಿಪಿ ಬಂದಿತು, ೧೯೪೦ರ ಸುಮಾರಿಗೆ ಅದೂ ಹೋಗಿ ರಷ್ಯನ್ ಲಿಪಿ ಬಂದಿತು.

ಓಕೇಯೆವನು ಹುಟ್ಟಿದುದು ಈ ಬದಲಾವಣೆಗಳ ನಡುವೆ. ಅವನ ಪೀಳಿಗೆಯವರ ತಂದೆತಾಯಿಗಳು ಗುಡಾರದ ಬಾಳನ್ನು ಬಾಳಿದವರು. ಮಕ್ಕಳಾದರೋ ಗ್ರಾಮದ ಶಾಲೆಗೆ ಹೋದವರು. ಆದರೆ ಜೈಲೂವಿಗೆ ಹೋಗುವ ವಾಡಿಕೆಯು ಪೂರ್ಣವಾಗಿ ನಿಂತುಹೋಗಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಸಾಮೂಹಿಕ ಕ್ಷೇತ್ರದ ಪಶುಪಾಲಕರು ಬೇಸಗೆಯಲ್ಲಿ ಹಿಂಡುಗಳೊಡನೆ ಮೇಲೆ ಹೋಗುತ್ತಲೇ ಇದ್ದರು. ಶಾಲೆಗೆ ರಜೆ ಬಂದಾಗ ಮಕ್ಕಳೂ ಅಲ್ಲಿಗೆ ಹೋಗುತ್ತಿದ್ದರು. ಹೀಗಾಗಿ ಈ ಪೀಳಿಗೆಯವರಿಗೆ ಹಳೆಯ ಬಾಳು ಕೇವಲ ಕೇಳಿದ ಕಥೆಯಾಗಿರಲಿಲ್ಲ, ಪೂರ್ಣ ಸ್ವಂತದ ಬಾಳೂ ಆಗಿರಲಿಲ್ಲ. ಅದು ವರ್ಷಕ್ಕೊಮ್ಮೆ ಹೋಗಿ, ಮತ್ತೆ ಬಿಟ್ಟು ಬರಬೇಕಾದ ಎಡೆಯಾಗಿದ್ದಿತು.

೩

ಕಿರ್ಗಿಜ್ ರಾಜಧಾನಿಯಾದ ಫ್ರುಂಜೆಯಲ್ಲಿ (೧೯೯೧ರಿಂದ ಬಿಷ್ಕೆಕ್) ಚಿತ್ರಾಲಯವು ಸ್ಥಾಪಿತವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಮೊದಲಿಗೆ ಅದು ವಾರ್ತಾಚಿತ್ರಗಳ ಕೇಂದ್ರವಾಗಿದ್ದಿತು. ೧೯೫೫ರಲ್ಲಿ ಕಿರ್ಗಿಜ್ ಜೀವನವನ್ನು ಕುರಿತ ಮೊದಲ ಕಥಾಚಿತ್ರವೆನಿಸಿದ ‘ಸಲ್ತನತ್’ ಹೊರಬಂದಿತು. ಅದರ ನಿರ್ದೇಶಕನು ವಸೀಲಿ ಪ್ರೊನಿನ್ ಎಂಬ ರಷ್ಯನ್. ಆ ಕಾಲದಲ್ಲಿ ಹೊರಗಿನಿಂದ ಬಂದವರು ಚಿತ್ರವನ್ನು ತೆಗೆಯುತ್ತಿದ್ದರು, ಕಿರ್ಗಿಜರು ಅದರಲ್ಲಿ ನಟಿಸುತ್ತಿದ್ದರು. ಚಿತ್ರಕಥೆಗಳಿಗೆ ಮಾಸ್ಕೋವಿನ ಒಪ್ಪಿಗೆ ಬೇಕಾಗಿದ್ದಿತು. ಒಕ್ಕೂಟದಲ್ಲೆಲ್ಲ ಚಿತ್ರವು ಪ್ರದರ್ಶಿತವಾಗಬೇಕಾದರೆ ಅದರ ಮಾತು ರಷ್ಯನ್ ಭಾಷೆಗೆ ಬದಲಾಗಬೇಕಾಗಿದ್ದಿತು.

ಈ ಸಂಸ್ಥೆಯನ್ನು ಓಕೇಯೆವನು ಪ್ರವೇಶಿಸಿದುದು ನಿರ್ದೇಶಕನಾಗಿ ಅಲ್ಲ. ಲೆನಿನ್‌ಗ್ರಾಡಿನ ಚಲಚ್ಚಿತ್ರ ಯಂತ್ರವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ೧೯೫೮ರಲ್ಲಿ ತೇರ್ಗಡೆಯಾಗಿ, ಆತನು ಶಬ್ದಗ್ರಾಹಕನಾಗಿ ಫ್ರುಂಜೆಗೆ ಹಿಂದಿರುಗಿದನು. ಗಣರಾಜ್ಯಕ್ಕೆ ಆಗ ಕಲಾವಿದರಿಗಿಂತ ತಂತ್ರಜ್ಞರು ಹೆಚ್ಚಾಗಿ ಬೇಕಾಗಿದ್ದರು. ಗ್ರಾಮೀಣ ಬಾಲಕನೊಬ್ಬನು ಬೆಟ್ಟದಿಂದ ಬಾಲ್ಟಿಕ್ ಕಡಲ ತೀರದ ನಗರಕ್ಕೆ ಹೋಗಿ ಯಂತ್ರವಿದ್ಯೆಯನ್ನು ಕಲಿತು ಬರಲು ಅನುವಾದುದು ಸೋವಿಯತ್ ಶಿಕ್ಷಣ ವ್ಯವಸ್ಥೆಯಿಂದಲೇ. ಇದನ್ನು ಒಪ್ಪಿಕೊಳ್ಳದೆ ಅವನ ಜೀವನವನ್ನು ನ್ಯಾಯವಾಗಿ ಬರೆಯಲಾಗುವುದಿಲ್ಲ.

ಶಬ್ದಗ್ರಾಹಕನಾಗಿ ಆತನು ದುಡಿದ ಚಿತ್ರಗಳಲ್ಲಿ ಮುಖ್ಯವಾದುದು ಲಾರಿಸಾ ಶೆಪಿತ್ಕೊ ನಿರ್ದೇಶಿಸಿದ ‘ಬೇಗೆ’ (೧೯೬೩). ಶೆಪಿತ್ಕೊ ಆಗ ಮಾಸ್ಕೋವಿನ ಚಲಚ್ಚಿತ್ರ ವಿದ್ಯಾಲಯದಲ್ಲಿ ವ್ಯಾಸಂಗವನ್ನು ಮುಗಿಸುತ್ತಿದ್ದ ಯುವತಿ; ಇದು ಆಕೆಯ ಪದವಿಯ ಕೃತಿ. ಚಿಂಗೀಜ್ ಐತ್ಮಾತೊವನ ‘ಒಂಟೆಯ ಕಣ್ಣು’ ಎಂಬ ಕಥೆ ಅದಕ್ಕೆ ಆಧಾರ. ಉರಿಬಿಸಿಲಿನ ಬಯಲಿನಲ್ಲಿ ಚಿತ್ರೀಕರಣವು ನಡೆಯುತ್ತಿದ್ದಾಗ ಶೆಪಿತ್ಕೊ ಕಾಯಿಲೆ ಬಿದ್ದು, ಕೆಲವು ದಿನ ಡೋಲಿಯ ಮೇಲೆ ಮಲಗಿಕೊಂಡೇ ಕೆಲಸ ನಡೆಸಿದಳೆಂಬುದು ಪ್ರಸಿದ್ಧವಾದ ಸಂಗತಿ. ಆ ಚಿತ್ರದ ನಾಯಕನ ಪಾತ್ರವನ್ನು ವಹಿಸಿದ ಬೊಲೊತ್‌ಬೆಕ್ ಶಮ್ಶಿಯೆವನೂ (೧೯೪೧–೨೦೧೯), ಶಬ್ದವನ್ನು ಹಿಡಿದ ಓಕೇಯೆವನೂ ಮುಂದೆ ಕಿರ್ಗಿಜ್ ಚಲಚ್ಚಿತ್ರದ ಎರಡು ಸ್ತಂಭಗಳಾದರು. ಎರಡು ವರ್ಷಗಳ ತರುವಾಯ ಆಂದ್ರೇಯ್ ಕೊಂಚಲೋವ್‌ಸ್ಕಿ ಐತ್ಮಾತೊವನದೇ ಆದ ‘ಮೊದಲ ಉಪಾಧ್ಯಾಯ’ವನ್ನು (೧೯೬೫) ಇದೇ ಚಿತ್ರಾಲಯದಲ್ಲಿ ಚಿತ್ರವಾಗಿಸಿದನು. ಹೀಗೆ ಮಾಸ್ಕೋವಿನ ಪ್ರತಿಭಾವಂತ ವಿದ್ಯಾರ್ಥಿಗಳು ತಮ್ಮ ಮೊದಲ ಕೃತಿಗಳಿಗಾಗಿ ಫ್ರುಂಜೆಗೆ ಬಂದರು. ಸ್ಥಳೀಯ ಯುವಕರು ಅವರ ಪಕ್ಕದಲ್ಲಿ ದುಡಿದು ಕಸುಬನ್ನು ಕಲಿತರು. ವಿದ್ಯೆ ಸಾಗಿಬಂದ ಈ ದಾರಿಯನ್ನು ನೋಡಿದರೆ, ಇದನ್ನು ಬರಿಯ ಮೇಲಿನಿಂದ ಇಳಿದುಬಂದ ದಾನವೆನ್ನಲು ಬರುವಂತಿಲ್ಲ. ಬಂದವರಿಗೆ ಈ ನೆಲವೂ ಐತ್ಮಾತೊವನ ಕಥೆಗಳೂ ಬೇಕಾಗಿದ್ದವು. ಇದ್ದವರಿಗೆ ಕಸುಬು ಬೇಕಾಗಿದ್ದಿತು.

ಬಳಿಕ ಓಕೇಯೆವನು ಮಾಸ್ಕೋವಿಗೆ ಹೋಗಿ ಚಿತ್ರಕಥಾಲೇಖಕರ ಮತ್ತು ನಿರ್ದೇಶಕರ ಉನ್ನತ ಶಿಕ್ಷಣ ತರಗತಿಗಳನ್ನು ಸೇರಿದನು. ೧೯೬೫ರಲ್ಲಿ ‘ಇವು ಕುದುರೆಗಳು’ ಎಂಬ ಕಿರಿಯ ಸಾಕ್ಷ್ಯಚಿತ್ರವನ್ನು ನಿರ್ಮಿಸಿದನು. ಅದೇ ವರ್ಷ ಶಮ್ಶಿಯೆವನು ಸಯಾಕ್‌ಬಾಯ್ ಕರಲಾಯೆವನನ್ನು ಕುರಿತು ‘ಮನಸ್ಚಿ’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದನು. ಇಬ್ಬರು ಯುವಕರ ಮೊದಲ ವಸ್ತುಗಳಿವು: ಒಬ್ಬನಿಗೆ ಕುದುರೆ, ಮತ್ತೊಬ್ಬನಿಗೆ ಹಾಡುಗಾರ. ಹಳೆಯ ಬಾಳಿನ ಎರಡು ಆಧಾರಗಳನ್ನೇ ಇವರು ಮೊಟ್ಟಮೊದಲು ದಾಖಲು ಮಾಡಿಕೊಂಡದ್ದು ಆಕಸ್ಮಿಕವೆಂದು ತೋರುವುದಿಲ್ಲ.

೪

೧೯೬೬ರಲ್ಲಿ ಓಕೇಯೆವನ ಮೊದಲ ಕಥಾಚಿತ್ರವಾದ ‘ನಮ್ಮ ಬಾಲ್ಯದ ಆಕಾಶ’ ಹೊರಬಂದಿತು. ಅದರ ಛಾಯಾಗ್ರಾಹಕನು ಕದಿರ್‌ಜಾನ್ ಕಿದಿರಾಲಿಯೆವ್. ಕಥೆ ಬಹು ಸರಳವಾದುದು. ಬಕಾಯ್ ಎಂಬ ವೃದ್ಧನು ಬೆಟ್ಟದ ಹುಲ್ಲುಗಾವಲಿನಲ್ಲಿ ಕುದುರೆಯ ಹಿಂಡನ್ನು ಕಾಯುತ್ತಾನೆ. ದೊಡ್ಡ ಮಕ್ಕಳು ಆಗಲೇ ಪಟ್ಟಣವನ್ನು ಸೇರಿದ್ದಾರೆ. ಕೊನೆಯ ಮಗನಾದ ಕಲಿಕ್ ಬೇಸಗೆಯ ರಜೆಗೆ ಬರುತ್ತಾನೆ. ಇವನಾದರೂ ತನ್ನ ಕಸುಬನ್ನು ಹಿಡಿಯಬೇಕೆಂಬುದು ತಂದೆಯ ಆಸೆ. ಇತ್ತ ಬೆಟ್ಟವನ್ನು ಸಿಡಿಮದ್ದಿನಿಂದ ಒಡೆದು ಹೊಸ ರಸ್ತೆಯನ್ನು ನಿರ್ಮಿಸಲಾಗುತ್ತಿದೆ. ಸಿಡಿತದ ಸದ್ದಿಗೆ ಕುದುರೆಗಳು ಬೆದರುತ್ತವೆ. ಹಿಂಡು ತನ್ನ ಹಳೆಯ ನೆಲೆಯನ್ನು ಬಿಡಬೇಕಾಗುತ್ತದೆ. ರಜೆ ಮುಗಿದಾಗ ಮಗನು ಶಾಲೆಗೆ ಹಿಂದಿರುಗುತ್ತಾನೆ. ಮುರಾತ್‌ಬೆಕ್ ರಿಸ್ಕುಲೊವನೆಂಬ ಪ್ರಸಿದ್ಧ ನಟನು ಬಕಾಯನ ಪಾತ್ರವನ್ನು ವಹಿಸಿದ್ದಾನೆ.

ಈ ಚಿತ್ರದಲ್ಲಿ ದುಷ್ಟರು ಯಾರೂ ಇಲ್ಲವೆಂಬುದು ಗಮನಾರ್ಹ. ರಸ್ತೆಯನ್ನು ಕಡಿಯುವವರು ಕೇಡಿಗರಲ್ಲ. ಅವರದು ನಾಡಿಗೆ ಬೇಕಾದ ಕೆಲಸ. ಮಗನು ಕೃತಘ್ನನಲ್ಲ, ವಿದ್ಯೆಯನ್ನು ಬಯಸುವುದು ತಪ್ಪಲ್ಲ. ತಂದೆಯೂ ಮೂರ್ಖನಲ್ಲ, ತನಗೆ ತಿಳಿದ ಲೋಕವನ್ನು ಮಗನಿಗೆ ಒಪ್ಪಿಸಿ ಹೋಗಲು ಅವನು ಬಯಸುತ್ತಾನೆ. ಆ ಕಾಲದ ಸೋವಿಯತ್ ಕಥಾಚಿತ್ರಗಳಲ್ಲಿ ಹಳೆಯದಕ್ಕೂ ಹೊಸದಕ್ಕೂ ನಡೆಯುವ ಹೋರಾಟವನ್ನು ಚಿತ್ರಿಸುವುದು ಸಾಮಾನ್ಯ ವಿಷಯವಾಗಿದ್ದಿತು. ಅದರಲ್ಲಿ ಹಳೆಯದು ಹೇಡಿತನ, ಮೌಢ್ಯ, ಕ್ರೌರ್ಯಗಳ ಪಕ್ಷವಾಗಿ ನಿಂತು ಸೋಲುತ್ತಿದ್ದಿತು. ಓಕೇಯೆವನು ಹೊಸದರ ಗೆಲುವನ್ನು ನಿರಾಕರಿಸಲಿಲ್ಲ. ಆದರೆ ಸೋತದ್ದು ಸೋಲಬೇಕಾದದ್ದೇ ಎಂದು ಹೇಳಲು ಆತನು ಒಪ್ಪಲಿಲ್ಲ. ರಸ್ತೆಯೂ ಬೇಕು, ಶಾಲೆಯೂ ಬೇಕು. ಆದರೂ ಬಕಾಯನು ಒಂಟಿಯಾದನು, ಈ ಒಂಟಿತನಕ್ಕೆ ಯಾವ ಯೋಜನೆಯಲ್ಲಿಯೂ ಲೆಕ್ಕವಿಲ್ಲ. ಚಿತ್ರವು ಹೇಳುವುದು ಇಷ್ಟನ್ನೇ.

ಚಿತ್ರದಲ್ಲಿ ಶಬ್ದಕ್ಕಿರುವ ಸ್ಥಾನವನ್ನೂ ಇಲ್ಲಿ ಹೇಳಬೇಕು. ಶಬ್ದಗ್ರಹಣದಲ್ಲಿ ಪಳಗಿದ ಈ ನಿರ್ದೇಶಕನು ವಾದವನ್ನು ಪಾತ್ರಗಳ ಮಾತಿನಿಂದ ನಡೆಸುವುದಿಲ್ಲ. ಒಂದೆಡೆ ಕುದುರೆಗಳ ಹೆಜ್ಜೆ, ಇನ್ನೊಂದೆಡೆ ಬಂಡೆ ಸಿಡಿಯುವ ಸದ್ದು. ಇವೆರಡರ ಘರ್ಷಣೆಯಲ್ಲಿಯೇ ಎರಡು ಯುಗಗಳ ಘರ್ಷಣೆಯು ಕೇಳಿಬರುತ್ತದೆ. ಕಥೆಯ ಸಾರಾಂಶವನ್ನು ಮಾತ್ರ ಓದಿದವರಿಗೆ ಇಲ್ಲಿರುವುದು ರಸ್ತೆನಿರ್ಮಾಣದ ಪ್ರಶಂಸೆ ಎಂದು ತೋರಬಹುದು. ಚಿತ್ರವನ್ನು ಕಂಡು ಕೇಳಿದವರಿಗೆ ಹಾಗೆ ತೋರಲಾರದು. ಒಪ್ಪಿಗೆಗಾಗಿ ಮೇಲಕ್ಕೆ ಹೋಗುತ್ತಿದ್ದುದು ಬರೆಹವಾದ ಕಥೆ. ಅದರಲ್ಲಿ ಬರೆಯಲಾಗದ್ದನ್ನು ಚಿತ್ರವೂ ಶಬ್ದವೂ ಹೊತ್ತವು. ಎರಡನೆಯ ಪ್ರಶ್ನೆಗೆ ನಮಗೆ ದೊರೆಯುವ ಉತ್ತರದ ಒಂದು ಭಾಗ ಇದು.

೫

ಮುಂದಿನ ಹತ್ತು ವರ್ಷಗಳ ಕೃತಿಗಳು ಇದೇ ವಸ್ತುವನ್ನು ಬೇರೆಬೇರೆ ದಿಕ್ಕುಗಳಿಂದ ನೋಡುತ್ತವೆ. ‘ಬೆಂಕಿಗೆ ನಮಿಸು’ (೧೯೭೧) ಎಂಬ ಚಿತ್ರಕ್ಕೆ ಚಾರಿತ್ರಿಕ ವ್ಯಕ್ತಿಯೊಬ್ಬಳ ಜೀವನವು ಆಧಾರ. ದಕ್ಷಿಣ ಕಿರ್ಗಿಜ್ ಪ್ರದೇಶದ ಉರ್ಕುಯಾ ಸಲಿಯೆವಾ ಎಂಬಾಕೆ ಸಾಮೂಹಿಕ ಕ್ಷೇತ್ರದ ಅಧ್ಯಕ್ಷೆಯಾಗಿದ್ದಳು; ಹೊಸ ವ್ಯವಸ್ಥೆಯನ್ನು ವಿರೋಧಿಸಿದವರು ೧೯೩೪ರಲ್ಲಿ ಆಕೆಯನ್ನು ಕೊಂದರು. ತತ್ತುಬುಬು ತುರ್ಸುನ್‌ಬಾಯೆವಾ ಈ ಪಾತ್ರವನ್ನು ವಹಿಸಿದಳು. ಹೆಣ್ಣೊಬ್ಬಳು ಸಭೆಯಲ್ಲಿ ಎದ್ದುನಿಂತು ಗಂಡಸರಿಗೆ ಆಜ್ಞೆಯಿತ್ತದ್ದು ಆ ನಾಡಿನಲ್ಲಿ ಎಂತಹ ಹೊಸ ಸಂಗತಿಯೆಂಬುದನ್ನೂ, ಅದಕ್ಕೆ ಆಕೆ ತೆತ್ತ ಬೆಲೆಯನ್ನೂ ಚಿತ್ರವು ಮನಮುಟ್ಟುವಂತೆ ತೋರಿಸುತ್ತದೆ.

ಆದರೆ ಚರಿತ್ರಕಾರನು ಇಲ್ಲಿ ಒಂದು ಮಾತನ್ನು ಹೇಳದಿರಲಾಗುವುದಿಲ್ಲ. ಉರ್ಕುಯಾಳ ಕೊಲೆಯು ಸತ್ಯ. ಆಕೆಯ ಧೈರ್ಯವೂ ಸತ್ಯ. ಹಿಂಡುಗಳನ್ನು ಬಲಾತ್ಕಾರದಿಂದ ಕಿತ್ತುಕೊಂಡದ್ದು, ಪಶುಗಳ ನಾಶ, ಗಡಿಯಾಚೆಗೆ ಓಡಿದ ಸಂಸಾರಗಳು, ೧೯೩೭–೩೮ರಲ್ಲಿ ಕಿರ್ಗಿಜ್ ವಿದ್ಯಾವಂತರ ಸಾಮೂಹಿಕ ವಧೆ ಇವೂ ಅಷ್ಟೇ ಸತ್ಯ. ಈ ಎರಡನೆಯ ಬಗೆಯ ಸತ್ಯವನ್ನು ೧೯೭೧ರಲ್ಲಿ ತೆರೆಯ ಮೇಲೆ ಹೇಳುವಂತಿರಲಿಲ್ಲ. ಐತ್ಮಾತೊವನ ತಂದೆ ತೊರೆಕುಲನು ೧೯೩೮ರಲ್ಲಿ ವಧೆಗೊಂಡವರಲ್ಲೊಬ್ಬ. ಅವನ ಅಸ್ಥಿಗಳು ಇತರರ ಅಸ್ಥಿಗಳೊಡನೆ ಚೊಂಗ್ ತಾಷ್ ಎಂಬಲ್ಲಿ ಪತ್ತೆಯಾದದ್ದು ೧೯೯೧ರಲ್ಲಿ. ಕಲಾವಿದನು ಹೇಳಿದ್ದರ ಜೊತೆಗೆ ಹೇಳಲಾಗದೆ ಬಿಟ್ಟದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಚಲಚ್ಚಿತ್ರವು ಚರಿತ್ರೆಗೆ ಆಧಾರವಾಗುತ್ತದೆ. ಓಕೇಯೆವನ ಕೃತಿಗಳಲ್ಲಿ ಈ ಮಿತಿ ಅತಿ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ.

೧೯೭೩ರಲ್ಲಿ ಆತನು ನೆರೆಯ ಕಜಾಕ್ ಚಿತ್ರಾಲಯಕ್ಕಾಗಿ ‘ಉಗ್ರ’ ಎಂಬ ಚಿತ್ರವನ್ನು ನಿರ್ದೇಶಿಸಿದನು. ಕಜಾಕ್ ಸಾಹಿತಿ ಮುಖ್ತಾರ್ ಔವೆಜೊವನ ‘ಕೊಕ್‌ಸೆರೆಕ್’ ಎಂಬ ಕಥೆ ಇದಕ್ಕೆ ಮೂಲ; ಚಿತ್ರಕಥೆಯನ್ನು ಬರೆದವರಲ್ಲಿ ಕೊಂಚಲೋವ್‌ಸ್ಕಿಯೂ ಒಬ್ಬನು. ಕುರ್ಮಶ್ ಎಂಬ ಬಾಲಕನು ತೋಳದ ಮರಿಯೊಂದನ್ನು ಸಾಕುತ್ತಾನೆ. ಸುತ್ತಲಿನ ದೊಡ್ಡವರು ಅದನ್ನು ಹಿಂಸಿಸುತ್ತಾರೆ. ಮರಿ ಬೆಳೆದು ಕಾಡಿಗೆ ಓಡಿಹೋಗಿ ಹಿಂಡುಗಳಿಗೆ ಶತ್ರುವಾಗುತ್ತದೆ. ಔವೆಜೊವನ ಕಥೆಯಲ್ಲಿ ಕೊನೆಗೆ ಸಾಕಿದ ಬಾಲಕನೇ ಅದಕ್ಕೆ ಬಲಿಯಾಗುತ್ತಾನೆ. ಬಾಲಕನ ಚಿಕ್ಕಪ್ಪನಾದ ಅಹಂಗುಲನ ಪಾತ್ರದಲ್ಲಿ ಸುಯಿಮೆನ್‌ಕುಲ್ ಚೊಕ್ಮೊರೊವ್ (೧೯೩೯–೧೯೯೨) ನಟಿಸಿದನು. ಈತನು ಮೂಲತಃ ಚಿತ್ರಕಲಾವಿದ. ಕಿರ್ಗಿಜ್ ಚಲಚ್ಚಿತ್ರದ ಮುಖವೆಂದೇ ಮುಂದೆ ಹೆಸರಾದವನು. ‘ನಮ್ಮ ಬಾಲ್ಯದ ಆಕಾಶ’ವನ್ನು ಕಂಡು, ಓಕೇಯೆವನು ಹಳೆಯ ಬಾಳನ್ನು ಬಂಗಾರವೆಂದು ಬಗೆದನೆಂದು ಯಾರಾದರೂ ಭಾವಿಸಿದ್ದರೆ ಈ ಚಿತ್ರವು ಅದನ್ನು ತಿದ್ದುತ್ತದೆ. ಇಲ್ಲಿ ಅದೇ ಹುಲ್ಲುಗಾವಲಿನ ಬಾಳಿನಲ್ಲಿ ಹಸಿವೂ ಕ್ರೌರ್ಯವೂ ತಲೆಮಾರಿನಿಂದ ತಲೆಮಾರಿಗೆ ಹರಿದುಬರುವುದು ಕಾಣುತ್ತದೆ. ಹೊಡೆತ ತಿಂದದ್ದು ಹೊಡೆಯಲು ಕಲಿಯುತ್ತದೆ. ಮನುಷ್ಯನಿಗೂ ತೋಳಕ್ಕೂ ಇಲ್ಲಿ ಭೇದವಿಲ್ಲ.

‘ಕೆಂಪು ಸೇಬು’ (೧೯೭೫) ಪಟ್ಟಣದ ಕಥೆ. ಇದಕ್ಕೆ ಮೂಲ ಐತ್ಮಾತೊವನ ಕಥೆ. ತೆಮಿರ್ ಎಂಬ ಚಿತ್ರಕಲಾವಿದನಿಗೂ ಅವನ ಹೆಂಡತಿಗೂ ಹೊಂದಾಣಿಕೆ ತಪ್ಪಿದೆ; ನಡುವೆ ಮಗಳೊಬ್ಬಳಿದ್ದಾಳೆ. ತಾರುಣ್ಯದಲ್ಲಿ, ಹೆಸರೂ ತಿಳಿಯದ ಹುಡುಗಿಯೊಬ್ಬಳಿಗೆ ಕೆಂಪು ಸೇಬನ್ನು ಕೊಡಬಯಸಿದ್ದ ನೆನಪು ಅವನನ್ನು ಬಿಡದು. ‘ಉಲಾನ್’ (೧೯೭೭) ಕುಡಿತಕ್ಕೆ ಬಲಿಬಿದ್ದ ಸಮರ್ಥನೊಬ್ಬನ ಕಥೆ. ಈ ಎರಡರಲ್ಲಿಯೂ ನಾಯಕನು ಚೊಕ್ಮೊರೊವನೇ. ಮೊದಲ ಚಿತ್ರದ ಕಲಿಕನು ಬೆಟ್ಟವನ್ನು ಬಿಟ್ಟು ಹೋದ ಮೇಲೆ ಏನಾದನೆಂಬ ಪ್ರಶ್ನೆಗೆ ಇವು ಉತ್ತರವೆಂದು ಭಾವಿಸಬಹುದು. ಪಟ್ಟಣವು ಅವನಿಗೆ ವಿದ್ಯೆಯನ್ನೂ ಮನೆಯನ್ನೂ ಗೌರವವನ್ನೂ ಕೊಟ್ಟಿತು; ಬಿಟ್ಟುಬಂದದ್ದರ ಸ್ಥಾನವನ್ನು ತುಂಬುವ ಬಗೆಯನ್ನು ಕೊಡಲಿಲ್ಲ. ನೆಲೆಸಿದ ಬಾಳಿನ ಎರಡನೆಯ ತಲೆಮಾರಿನ ಈ ಒಳಬೇನೆಯನ್ನು ಬಹಿರಂಗವಾಗಿ ಚಿತ್ರಿಸಿದುದು ಅಂದಿನ ಸನ್ನಿವೇಶದಲ್ಲಿ ಸಣ್ಣ ಸಾಹಸವಲ್ಲ.

೬

೧೯೮೪ರ ‘ಹಿಮಚಿರತೆಯ ವಂಶಜ’ ಓಕೇಯೆವನ ಪ್ರೌಢಕೃತಿಯೆಂದು ಮನ್ನಣೆ ಪಡೆದಿದೆ. ಕಿರ್ಗಿಜರ ಪ್ರಾಚೀನ ಕಥನಕಾವ್ಯಗಳಲ್ಲಿ ಒಂದಾದ ‘ಕೊಜೊಜಾಶ್’ ಇದಕ್ಕೆ ಆಧಾರ. ಚಿತ್ರಕಥೆಯಲ್ಲಿ ಮಾರ್ ಬಾಯ್ಜಿಯೆವನು ನಿರ್ದೇಶಕನಿಗೆ ಸಹಕರಿಸಿದನು. ಕೊಜೊಜಾಶನು ಎಣೆಯಿಲ್ಲದ ಬೇಟೆಗಾರ. ಹಿಮಚಿರತೆಯನ್ನು ಮೂಲಪುರುಷನೆಂದು ನಂಬಿದ ಕುಲಕ್ಕೆ ಸೇರಿದವನು. ಅಗತ್ಯಕ್ಕಿಂತ ಹೆಚ್ಚಾಗಿ ಕೊಲ್ಲಬಾರದೆಂಬುದು ಆ ಕುಲದ ಕಟ್ಟಳೆ. ಕಠಿನವಾದ ಚಳಿಗಾಲ, ಹಸಿವು, ಹೊರಗಿನಿಂದ ಬಂದ ಕೋವಿ ಇವೆಲ್ಲ ಕೂಡಿ ಆ ಕಟ್ಟಳೆಯನ್ನು ಮುರಿಯುತ್ತವೆ. ಕಾಡುಮೇಕೆಗಳ ಹಿಂಡುಗಳೇ ನಾಶವಾಗುತ್ತವೆ. ಮೂಲಕಾವ್ಯದಲ್ಲಿ ಮೇಕೆಗಳ ತಾಯಿಯಾದ ಬೂದುಬಣ್ಣದ ಹೆಣ್ಣುಮೇಕೆಯು ಬೇಟೆಗಾರನನ್ನು ಶಪಿಸುತ್ತದೆ. ಅವನ ಅಳಿವಿಗೆ ಅದೇ ಕಾರಣವಾಗುತ್ತದೆ.

ಈ ಚಿತ್ರಕ್ಕಾಗಿ ೧೯೮೫ರ ಬರ್ಲಿನ್ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಓಕೇಯೆವನಿಗೆ ಬೆಳ್ಳಿಯ ಕರಡಿ ಪ್ರಶಸ್ತಿ ದೊರೆಯಿತು. ಅದೇ ವರ್ಷ ಆತನು ಸೋವಿಯತ್ ಒಕ್ಕೂಟದ ಜನತಾ ಕಲಾವಿದನೆಂಬ ಅತ್ಯುಚ್ಚ ಬಿರುದನ್ನೂ ಪಡೆದನು. ಇಲ್ಲಿ ವಿಚಾರಿಸತಕ್ಕ ವಿಷಯವೊಂದುಂಟು. ಮೊದಲ ಚಿತ್ರದಲ್ಲಿ ಹುಲ್ಲುಗಾವಲಿಗೆ ಅಪಾಯವು ರಸ್ತೆಯ ರೂಪದಲ್ಲಿ ಹೊರಗಿನಿಂದ ಬಂದಿತು. ಹದಿನೆಂಟು ವರ್ಷಗಳ ಬಳಿಕ ಬಂದ ಈ ಚಿತ್ರದಲ್ಲಿಯೂ ಕೋವಿಯು ಹೊರಗಿನಿಂದಲೇ ಬರುತ್ತದೆ. ಆದರೆ ಅದನ್ನು ಕೈಗೆತ್ತಿಕೊಳ್ಳುವವನು ಕುಲದ ವೀರನೇ. ಅಂದರೆ, ಬದಲಾವಣೆಯ ಹೊಣೆಯನ್ನು ಪೂರ್ತಿಯಾಗಿ ಹೊರಗಿನವರ ಮೇಲೆ ಹೊರಿಸುವ ಸುಲಭಮಾರ್ಗವನ್ನು ಓಕೇಯೆವನು ಬಿಟ್ಟುಕೊಟ್ಟಿದ್ದಾನೆ. ಕಟ್ಟಳೆಯನ್ನು ಮುರಿದವರಲ್ಲಿ ನಾವೂ ಇದ್ದೇವೆ ಎಂಬ ಮಾತನ್ನು ಪುರಾತನ ಕಾವ್ಯದ ಮರೆಯಲ್ಲಿ ನಿಂತು ತನ್ನ ಜನರಿಗೇ ಹೇಳಿದ್ದಾನೆ. ಪ್ರಭುತ್ವವನ್ನು ಹೊಗಳುವ ಕಲೆಯಿಂದಲೂ ಬರಿದೆ ದೂರುವ ಕಲೆಯಿಂದಲೂ ಇದು ಭಿನ್ನವಾದುದು.

೭

ಎರಡು ವರ್ಷಗಳ ಬಳಿಕ, ಮಧ್ಯಯುಗದ ಪೌರಸ್ತ್ಯ ಕಲಾವಿದನೊಬ್ಬನನ್ನು ಕುರಿತ ‘ಪ್ರೇಮದ ಮರೀಚಿಕೆಗಳು’ (೧೯೮೬) ತೆರೆಕಂಡಿತು. ಆಮೇಲೆ ಓಕೇಯೆವನು ಯಾವ ಕಥಾಚಿತ್ರವನ್ನೂ ಪೂರ್ಣಗೊಳಿಸಲಿಲ್ಲ. ಆಗ ಅವನಿಗೆ ಐವತ್ತೊಂದು ವರ್ಷ. ಪ್ರತಿಭೆ ಕುಂದುವ ವಯಸ್ಸಲ್ಲ; ಕಾರಣವನ್ನು ದೇಶದ ಚರಿತ್ರೆಯಲ್ಲಿ ಅರಸಬೇಕು.

೧೯೮೬ರ ಮೇ ತಿಂಗಳಲ್ಲಿ ಮಾಸ್ಕೋವಿನಲ್ಲಿ ನಡೆದ ಚಲಚ್ಚಿತ್ರಕಾರರ ಐದನೆಯ ಮಹಾಧಿವೇಶನದಿಂದ ಹಳೆಯ ನಿರ್ಬಂಧಗಳು ಸಡಿಲತೊಡಗಿದವು. ಇದುವರೆಗೆ ಹೇಳಲಾಗದ್ದನ್ನು ಹೇಳುವ ಕಾಲ ಬಂದಿತೆಂದು ಎಲ್ಲರೂ ಭಾವಿಸಿದರು. ಆದರೆ ನಿರ್ಬಂಧದೊಡನೆ ಪೋಷಣೆಯೂ ಕಳಚಿತು. ೧೯೯೧ನೆಯ ಆಗಸ್ಟ್ ೩೧ರಂದು ಕಿರ್ಗಿಜ್ ಗಣರಾಜ್ಯವು ಸ್ವತಂತ್ರವಾಯಿತು. ಅದೇ ವರ್ಷದ ಅಂತ್ಯಕ್ಕೆ ಸೋವಿಯತ್ ಒಕ್ಕೂಟವು ಇಲ್ಲವಾಯಿತು. ಮಾಸ್ಕೋವಿನಿಂದ ಬರುತ್ತಿದ್ದ ಹಣ ನಿಂತಿತು. ಇಡೀ ಒಕ್ಕೂಟಕ್ಕೆ ಚಿತ್ರಗಳನ್ನು ಹಂಚುತ್ತಿದ್ದ ವ್ಯವಸ್ಥೆಯು ಮುರಿಯಿತು. ಚೆಂಗೀಸ್ ಖಾನನನ್ನು ಕುರಿತ ದೊಡ್ಡ ಚಿತ್ರವೊಂದನ್ನು ಓಕೇಯೆವನು ಕೈಗೊಂಡಿದ್ದನು, ಅದು ಮುಗಿಯಲಿಲ್ಲ. ಹೊಸ ರಾಷ್ಟ್ರಕ್ಕೆ ಹೊರದೇಶಗಳಲ್ಲಿ ಪ್ರತಿನಿಧಿಗಳು ಬೇಕಾಗಿದ್ದರು. ಆತನು ತುರ್ಕಿಯಲ್ಲಿ ಕಿರ್ಗಿಜ್ ರಾಯಭಾರಿಯಾದನು. ಐತ್ಮಾತೊವನೂ ಅದೇ ಕಾಲದಲ್ಲಿ ಬ್ರಸೆಲ್ಸಿನಲ್ಲಿ ರಾಯಭಾರಿಯಾಗಿದ್ದನು. ೨೦೦೧ನೆಯ ಡಿಸೆಂಬರ್ ೧೮ರಂದು ಓಕೇಯೆವನು ತುರ್ಕಿಯ ರಾಜಧಾನಿಯಾದ ಅಂಕಾರಾದಲ್ಲಿ ನಿಧನನಾದನು. ಬಿಷ್ಕೆಕಿನ ರಾಷ್ಟ್ರೀಯ ಚಿತ್ರಾಲಯಕ್ಕೆ ತರುವಾಯ ಅವನ ಹೆಸರನ್ನಿಡಲಾಯಿತು.

ಮಾತು ಬಿಗಿಯಲ್ಲಿದ್ದಾಗ ಇಪ್ಪತ್ತು ವರ್ಷಗಳಲ್ಲಿ ಎಂಟು ಕಥಾಚಿತ್ರಗಳನ್ನು ನಿರ್ಮಿಸಿದವನಿಗೆ, ಬಿಗಿ ಕಳಚಿದ ಮೇಲೆ ಒಂದನ್ನೂ ಮುಗಿಸಲಾಗಲಿಲ್ಲ. ಇದರಿಂದ ಬಿಗಿಯೇ ಒಳ್ಳೆಯದಾಗಿದ್ದಿತೆಂದು ತೀರ್ಮಾನಿಸುವುದು ಸರ್ವಥಾ ತಪ್ಪು. ೧೯೩೮ರ ಅಸ್ಥಿಗಳನ್ನು ಮರೆತವರು ಮಾತ್ರ ಹಾಗೆ ತೀರ್ಮಾನಿಸಬಲ್ಲರು. ಇಲ್ಲಿಂದ ತಿಳಿಯಬೇಕಾದುದು ಬೇರೆ. ಚಲಚ್ಚಿತ್ರ, ವಿಶ್ವವಿದ್ಯಾಲಯ, ಮುದ್ರಣಾಲಯ ಮೊದಲಾದವು ಹಣವನ್ನೂ ಯಂತ್ರಗಳನ್ನೂ ಬೇಡುವ ಸಂಸ್ಥೆಗಳು. ಸಣ್ಣ ಜನಾಂಗವೊಂದು ಇವನ್ನು ಹೊರಗಿನ ಕೇಂದ್ರದ ಆಸರೆಯಿಂದಲೇ ಕಟ್ಟಿಕೊಂಡಾಗ, ಆ ಆಸರೆ ತಪ್ಪಿದೊಡನೆ ಮಾತನಾಡುವ ಸ್ವಾತಂತ್ರ್ಯವು ದೊರೆತರೂ ಮಾತನಾಡುವ ಸಾಧನವು ಕೈಬಿಟ್ಟು ಹೋಗುತ್ತದೆ. ಸ್ವಾತಂತ್ರ್ಯಾನಂತರದ ಎಲ್ಲ ಹೊಸ ರಾಷ್ಟ್ರಗಳ ಚರಿತ್ರೆಯನ್ನು ಅಭ್ಯಸಿಸುವವರೂ ಎದುರಿಸಬೇಕಾದ ಪ್ರಶ್ನೆ ಇದು.

೮

ಇನ್ನು ಈವರೆಗಿನ ವಿಚಾರವನ್ನು ಸಂಗ್ರಹಿಸಬಹುದು. ೧೯೬೦–೭೦ರ ದಶಕಗಳ ಈ ಚಿತ್ರಪರಂಪರೆಗೆ ವಿಮರ್ಶಕರು ‘ಕಿರ್ಗಿಜ್ ಪವಾಡ’ವೆಂದು ಹೆಸರಿಟ್ಟಿದ್ದಾರೆ. ಪವಾಡವೆಂಬ ಮಾತು ಕಾರಣಗಳನ್ನು ಮರೆಸುತ್ತದೆ. ಕಾರಣಗಳಾದರೋ ಸ್ಪಷ್ಟವಾಗಿಯೇ ಇವೆ: ಕಸುಬನ್ನು ಕಲಿಸಿದ ವಿದ್ಯಾಲಯಗಳು, ಪಾಲುಗೊಂಡು ದುಡಿದ ರಷ್ಯನ್ ಸಂಗಡಿಗರು, ಐತ್ಮಾತೊವನ ಕಥೆಗಳು, ಹಾಡುಗಾರರಿಂದ ಬಂದ ಕಥನದ ಸಂಪತ್ತು, ಇವೆಲ್ಲಕ್ಕಿಂತ ಮಿಗಿಲಾಗಿ, ಹಳೆಯ ಬಾಳನ್ನು ಕಣ್ಣಾರೆ ಕಂಡು, ಹೊಸ ಬಾಳಿನ ಮಾತಿನಲ್ಲಿ ಅದನ್ನು ಹೇಳಬಲ್ಲವರಾಗಿದ್ದ ಒಂದೇ ಒಂದು ಪೀಳಿಗೆ. ಅದರ ಹಿಂದಿನವರಿಗೆ ಕ್ಯಾಮರಾ ಇರಲಿಲ್ಲ. ಮುಂದಿನವರಿಗೆ ಆ ಬಾಳು ಇಷ್ಟು ಸಮೀಪದಲ್ಲಿ ಇರಲಿಲ್ಲ.

ಪ್ರಭುತ್ವದ ಕೊಡುಗೆಯೋ ಪ್ರತಿಭಟನೆಯೋ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಹುಲ್ಲುಗಾವಲಿನಿಂದ ಶಾಲೆಗೆ ಹೋದ ಹಾದಿಯೇ ಓಕೇಯೆವನಿಗೆ ಕಲೆಯನ್ನು ಕೊಟ್ಟಿತು, ಅದೇ ಹಾದಿ ತಂದೆಯನ್ನು ಒಂಟಿಯಾಗಿಸಿತು. ಆತನು ಎರಡನ್ನೂ ಬಲ್ಲವನಾಗಿದ್ದನು. ಆದಕಾರಣ ಕೃತಜ್ಞತೆಯೂ ದುಃಖವೂ ಅವನಲ್ಲಿ ಒಂದರ ವೇಷವನ್ನು ಮತ್ತೊಂದು ಧರಿಸದೆ ಜೊತೆಜೊತೆಯಾಗಿ ನಿಂತವು. ಕಚೇರಿಯ ಕಡತಗಳಲ್ಲಿ ದೊರೆಯದ ಸಾಕ್ಷ್ಯವೆಂದರೆ ಇದೇ.

ಈ ಸಾಕ್ಷ್ಯವು ಅವನ ನಾಡಿನಲ್ಲಿ ಇನ್ನೂ ಜೀವಂತವಾಗಿದೆಯೆಂಬುದಕ್ಕೆ ಒಂದು ನಿದರ್ಶನವುಂಟು. ಮುಂದಿನ ಪೀಳಿಗೆಯ ಪ್ರಮುಖ ನಿರ್ದೇಶಕನಾದ ಅಕ್ತಾನ್ ಅರಿಮ್ ಕುಬಾತ್ ೨೦೧೭ರಲ್ಲಿ ‘ಸೆಂಟಾರ್’ ಎಂಬ ಚಿತ್ರವನ್ನು ನಿರ್ಮಿಸಿದನು. ಅದರ ನಾಯಕನು ಹಳ್ಳಿಯೊಂದರಲ್ಲಿ ಹಿಂದೆ ಚಿತ್ರಪ್ರದರ್ಶನದ ಯಂತ್ರವನ್ನು ನಡೆಸುತ್ತಿದ್ದವನು. ಕುದುರೆಗಳು ಬರಿಯ ಸಿರಿವಂತರ ಸ್ವತ್ತಾಗಿಹೋದ ಕಾಲದಲ್ಲಿ ರಾತ್ರಿವೇಳೆ ಕುದುರೆಯನ್ನು ಕದ್ದು, ಸವಾರಿ ಮಾಡಿ, ಬಿಟ್ಟುಬಿಡುತ್ತಾನೆ. ಅವನು ತೆರೆಯ ಮೇಲೆ ತೋರಿಸುವ ಹಳೆಯ ಚಿತ್ರವು ಓಕೇಯೆವನ ‘ಕೆಂಪು ಸೇಬು’.